ಶ್ರೀಪಾದರಾಯರ ಬೆಳಕಿನ ಟೋಪಿ

ಶ್ರೀಪಾದರಾಯರ ತಲೆಗೆ ಬೆಳಕು ಹಾಯಿಸುವ ಯೋಜನೆಗೆ ನಾನೇ ಮೂಲಪುರುಷ ಎಂದು ಅವರ ಹೆಂಡತಿ ಸಾವಿತ್ರಿಬಾಯಿಯವರು ಇವತ್ತಿಗೂ ನಂಬಿದ್ದಾರೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಗೂಡ್ಸ್ ಗಾಡಿ ನಿಲ್ಲಿಸಿ ಎಂದು ನಾನು ಯಾವತ್ತೂ ಹೇಳಿರಲಿಲ್ಲ, ಇದು ದಾಖಲೆಯಲ್ಲಿರಲಿ.

ರಾಯರು ಹುಬ್ಬಳ್ಳಿಯವರು. ರೈಲ್ವೆಯ ಆಪರೇಟಿಂಗ್ ಕಚೇರಿಯಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಹನ್ನೊಂದು ವರ್ಷದಿಂದ ಅಹಮದಾಬಾದಿನ ಮಣಿನಗರದಲ್ಲಿ, ಹಳಿಗೆ ಬೆನ್ನು ಹಾಕಿ ನಿಂತ ಮೂರಂತಸ್ತಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ವಾಸ. ನಾನು ಬ್ಯಾಂಕಿನವನು, ಮೈಸೂರು ಕಡೆಯವನು, ಎರಡು ಬೀದಿಯಾಚೆ ಬಾಡಿಗೆಗಿದ್ದೇನೆ. ಭಾನುವಾರ ಅವರ ಮನೆಯ ಅವಲಕ್ಕಿಗೆ ಹೋಗುವುದು ನನ್ನ ಪದ್ಧತಿ, ಹೋದಾಗ ರಾಯರ ಅಳಲು ಕೇಳುವುದು ಅವಲಕ್ಕಿಯ ಜೊತೆ ಬರುವ ಬಾಬತ್ತು.

ಅವರ ಅಳಲು ಒಂದೇ. ಗೆಜೆಟೆಡ್ ಅಧಿಕಾರಿಯಾಗುವ ಇಲಾಖಾ ಪರೀಕ್ಷೆಯಲ್ಲಿ ಅವರು ಎರಡು ಸಲ ಬರವಣಿಗೆಯಲ್ಲಿ ಪಾಸಾಗಿ, ಎರಡು ಸಲವೂ ಸಂದರ್ಶನದಲ್ಲಿ ಬಿದ್ದಿದ್ದರು. ಮೊದಲ ಸಲ, ಹಳಿಯ ಪಕ್ಕ ಯಾರೋ ಕೆಂಪು ದೀಪ ತೋರಿಸಿದರೆ ಗಾಡಿ ನಡೆಸುವವನು ಏನು ಮಾಡಬೇಕು ಎಂದು ಕೇಳಿದ್ದಕ್ಕೆ, ಹಾರ್ನ್ ಹೊಡೆಯಬೇಕು ಎಂದಿದ್ದರು. ಎರಡನೆಯ ಸಲ ಅದೇ ಪ್ರಶ್ನೆ ಬಂತು. ಉತ್ತರ ಹಾರ್ನ್ ಅಲ್ಲ ಎನ್ನುವುದೊಂದು ನೆನಪಿತ್ತು, ಮಿಕ್ಕದ್ದು ಮಾಯ. ಮಂಡಳಿಯವರು ಪಾಪ ನೀರು ಕೊಟ್ಟರು. ರಾಯರು ನೀರು ಕುಡಿದು, ಥ್ಯಾಂಕ್ಸ್ ಹೇಳಿ, ಎದ್ದು ಬಂದುಬಿಟ್ಟರು. ಈಗ ಮೂರನೆಯ ಸಲ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯದು. ಸಂದರ್ಶನ ಫೆಬ್ರವರಿ ಹನ್ನೆರಡಕ್ಕೆ.

ಗೆಜೆಟೆಡ್ ಅಧಿಕಾರಿಯಾದರೆ ಹಸಿರು ಶಾಯಿಯಲ್ಲಿ ಸಹಿ ಹಾಕಬಹುದು ಎನ್ನುವುದು ರಾಯರ ಜೀವನದ ದೊಡ್ಡ ಆಸೆ. ಹಸಿರು ಶಾಯಿಯ ಪೆನ್ನನ್ನು ಮೊದಲ ಪ್ರಯತ್ನದ ಹೊತ್ತಿಗೇ ಕೊಂಡು, ದೇವರ ಗೂಡಿನಲ್ಲಿ ಗಂಧದ ಕೊರಡಿನ ಪಕ್ಕ ಇಟ್ಟಿದ್ದರು. ಆರು ವರ್ಷದಿಂದ ಅದಕ್ಕೂ ದಿನಾ ಹೂವು ಏರುತ್ತಿತ್ತು.

ಇಂಥ ಸ್ಥಿತಿಯಲ್ಲಿ ನಾನು, ಬಾಯಿ ಸುಮ್ಮನಿರಲಾರದೆ, ಫೋನಿನಲ್ಲಿ ನೋಡಿದ ಒಂದು ವೀಡಿಯೊ ಸಂಗತಿ ಹೇಳಿದೆ. ತಲೆಗೆ ಕೆಂಪು ಬೆಳಕು ಬಿಟ್ಟರೆ ಮಿದುಳು ಚುರುಕಾಗುತ್ತದಂತೆ, ಜೊತೆಗೆ ನಾಲ್ಕಾರು ಬಗೆಯ ಗುಳಿಗೆ ನುಂಗಿದರೆ ಓದಿದ್ದೆಲ್ಲ ನಿಲ್ಲುತ್ತದಂತೆ ಎಂದೆ. ನಾನು ಹೇಳಿದ್ದು ಅಷ್ಟೇ. ಮರುವಾರದೊಳಗೆ ಸೂರತ್ತಿನ ದೀಪದ ಅಂಗಡಿಯಿಂದ ಒಂದು ಟೋಪಿ ಬಂತು. ಮೆತ್ತನೆಯ ರಬ್ಬರಿನದು, ಒಳಮೈತುಂಬ ಕೆಂಪು ದೀಪದ ಕಾಳುಗಳು, ಜೊತೆಗೆ ಕಣ್ಣಿಗೆ ಹಾಕಿಕೊಳ್ಳಲು ಒಂದು ಕಪ್ಪು ಕನ್ನಡಕ. ಆಫೀಸಿನ ಕೆಲಸಕ್ಕೆ ವಡೋದರಾಕ್ಕೆ ಹೋದವರು ಅಲ್ಕಾಪುರಿಯ ದೊಡ್ಡ ಅಂಗಡಿಯೊಂದರಿಂದ ಐದು ಡಬ್ಬಿ ಗುಳಿಗೆ ತಂದರು.

ಸಾವಿತ್ರಿಬಾಯಿ ಕನ್ನಡಕ ಏರಿಸಿ ಡಬ್ಬಿಗಳನ್ನು ಒಂದೊಂದಾಗಿ ಓದಿದರು. ಮೂರನೆಯದಕ್ಕೆ ನಿಂತರು.

"ಇದು ಅಗಸಿ ಅಲ್ಲೇನ್ರಿ? ಇಪ್ಪತ್ತಾರು ವರ್ಷದಿಂದ ನಿಮಗ ಅಗಸಿ ಹಿಂಡಿ ಬಡಸ್ಲಿಕ್ಕತ್ತೀನಿ. ರೊಟ್ಟಿ ಜೋಡಿ ತಿಂದ್ರ ಬರಲಾರದ ನೆನಪು ಗುಳಿಗಿಯೊಳಗ ಬರ್ತದೇನು?"

ಇದು ವಿಜ್ಞಾನದ ವಿಷಯ, ನಿನಗೆ ತಿಳಿಯುವುದಿಲ್ಲ ಎಂದರು ರಾಯರು. ಆದರೆ ವಿಜ್ಞಾನಕ್ಕೆ ಒಂದು ತೊಡಕಿತ್ತು. ನೆನಪಿನ ಗುಳಿಗೆ ತೆಗೆದುಕೊಳ್ಳುವುದು ಅವರಿಗೆ ನೆನಪಿರುತ್ತಿರಲಿಲ್ಲ. ಮಗಳು ಸಂಜನಾ ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟಳು. ಅಲಾರಂ ಹೊಡೆದಾಗ ರಾಯರು ಅದನ್ನು ಆರಿಸಿ, ಇದು ಯಾತಕ್ಕೆ ಹೊಡೆಯಿತು ಎಂದು ಅರ್ಧ ಗಂಟೆ ಯೋಚಿಸುತ್ತಿದ್ದರು. ಒಮ್ಮೆ ಹಾಲಿನವನಿಗೆ ಫೋನ್ ಕೂಡ ಮಾಡಿದ್ದರು.

ಟೋಪಿಯ ಕಾರ್ಯಕ್ರಮ ಮಾತ್ರ ತಪ್ಪಲಿಲ್ಲ. ಬೆಳಿಗ್ಗೆ ಆರಕ್ಕೆ ತಾರಸಿಗೆ ಹೋಗಿ, ಟೋಪಿ ಹಾಕಿಕೊಂಡು, ನಿಯಮಗಳನ್ನು ಬಾಯಿಪಾಠ ಮಾಡುತ್ತ ನಲವತ್ತು ನಿಮಿಷ ನಡೆಯುವುದು. ಜನವರಿಯಲ್ಲಿ ಅಹಮದಾಬಾದಿನ ಸೂರ್ಯ ಏಳೂಕಾಲಿಗೆ ಮುಂಚೆ ಎದ್ದ ಉದಾಹರಣೆಯಿಲ್ಲ. ಆರು ಗಂಟೆಗೆ ಕಗ್ಗತ್ತಲು, ಮೈ ಕೊರೆಯುವ ಚಳಿ. ರಾಯರು ಮೊದಲು ಮಂಕಿ ಕ್ಯಾಪ್ ಹಾಕಿಕೊಂಡರು, ಅದರ ಮೇಲೆ ಈ ಟೋಪಿ. ಮಂಕಿ ಕ್ಯಾಪಿನ ಮೇಲೆ ಹಾಕಿದಾಗ ಒಳಗಿನ ದೀಪದ ಕಾಳುಗಳು ಉಣ್ಣೆಗೆ ಸಿಕ್ಕಿಕೊಂಡು ಕಿರಿಕಿರಿಯಾಯಿತು. ಅದಕ್ಕೆ ಟೋಪಿಯ ಒಳಮೈಯನ್ನು ಹೊರಕ್ಕೆ ತಿರುವಿ ಹಾಕಿಕೊಂಡರು. ದೀಪ ತಲೆಯ ಮೇಲಿದೆ, ಉರಿಯುತ್ತಿದೆ, ಇನ್ನೇನು ಬೇಕು ಎಂಬುದು ಅವರ ಸಿದ್ಧಾಂತ. ಮೇಲೆ ಕಪ್ಪು ಕನ್ನಡಕ. ಏಕಾಗ್ರತೆಗೆಂದು ಕಿವಿಗೆ ಹತ್ತಿ. ಕಣ್ಣು ಕಾಣದೆ ಗೋಡೆಗೆ ಹಾಯಬಾರದೆಂದು ಹೆಜ್ಜೆ ಎಣಿಸಿದ್ದರು. ಹಳಿಯ ಕಡೆಯ ಕಟಾಂಜನದ ಗುಂಟ ಮೂವತ್ತೆರಡು ಹೆಜ್ಜೆ ಬಲಕ್ಕೆ, ತಿರುಗಿ ಮೂವತ್ತೆರಡು ಎಡಕ್ಕೆ.

ಹೀಗೆ ಒಬ್ಬ ರೈಲ್ವೆ ನೌಕರರು, ರೈಲ್ವೆ ಕ್ವಾರ್ಟರ್ಸಿನ ಮೇಲೆ, ರೈಲ್ವೆ ಹಳಿಗೆ ಮುಖಮಾಡಿ, ಕತ್ತಲಲ್ಲಿ ಕೆಂಪು ದೀಪ ಹೊತ್ತು ಅತ್ತಿತ್ತ ಓಡಾಡತೊಡಗಿದರು. ಕೈಯಲ್ಲಿ ರೈಲ್ವೆ ನಿಯಮಗಳ ಪುಸ್ತಕ. ಓದಲು ಕಣ್ಣು ಕಾಣುತ್ತಿರಲಿಲ್ಲ, ಆದರೂ ಕೈಯಲ್ಲಿದ್ದರೆ ಧೈರ್ಯ.

ಮೂರನೆಯ ದಿನ ಒಂದು ಗೂಡ್ಸ್ ಗಾಡಿ ಕ್ವಾರ್ಟರ್ಸಿನ ಹಿಂದೆ ಗಕ್ಕನೆ ನಿಂತಿತು. ರಾಯರ ಕಿವಿಯಲ್ಲಿ ಹತ್ತಿ.

ಆ ಗಾಡಿಯ ಲೋಕೋ ಪೈಲಟ್ ರಾಠವಾ, ಮಾತು ಕಡಿಮೆ, ನಿಯಮದಲ್ಲಿ ಬಲು ಕಟ್ಟುನಿಟ್ಟು. ಕೆಂಪು ದೀಪ ಕಂಡಿತು, ನಿಲ್ಲಿಸಿದ. ಸ್ಟೇಷನ್ನಿಗೆ ತಿಳಿಸಿದ. ಸಿಗ್ನಲ್ ಎಲ್ಲ ಸರಿಯಾಗಿದೆ, ನಿಧಾನಕ್ಕೆ ಬಾ ಎಂದರು. ಅಷ್ಟರಲ್ಲಿ ರಾಯರ ನಲವತ್ತು ನಿಮಿಷ ಮುಗಿದು ದೀಪ ಆರಿತ್ತು. ರಾಠವಾ ವರದಿ ಬರೆದ: ಇಂಥ ಕಿಲೋಮೀಟರ್ ಕಂಬದ ಎದುರು, ನೆಲದಿಂದ ಸುಮಾರು ನಲವತ್ತು ಅಡಿ ಎತ್ತರದಲ್ಲಿ, ಕೆಂಪು ದೀಪವೊಂದು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಹೋಗುತ್ತಿತ್ತು.

ಈ ವರದಿ ಕಚೇರಿಯಲ್ಲಿ ಯಾರ ಮೇಜಿಗೆ ಬರಬೇಕೋ ಅಲ್ಲಿಗೇ ಬಂತು. ಶ್ರೀಪಾದರಾಯರ ಮೇಜಿಗೆ.

ರಾಯರು ಕೆರಳಿ ಕೆಂಡವಾದರು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಬೇಜವಾಬ್ದಾರಿತನ ಕಂಡಿರಲಿಲ್ಲವಂತೆ. ಕಂಬದ ಸಂಖ್ಯೆಯನ್ನು ಓದಿದರು, ಆದರೆ ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕಾಗದದಲ್ಲೇ ಗಾಡಿ ಓಡಿಸಿದವರಿಗೆ ಕಂಬವೂ ಕಾಗದದಲ್ಲೇ ಇರುತ್ತದೆ. ತಮ್ಮ ಮನೆಯ ವಿಳಾಸ ಪಿನ್‌ಕೋಡ್ ಸಮೇತ ಬರುತ್ತಿತ್ತು, ಕಿಲೋಮೀಟರಿನಲ್ಲಿ ಬರುತ್ತಿರಲಿಲ್ಲ. ಕೂತ ಪಟ್ಟಿಗೆ ಖಡಕ್ಕಾದ ಪತ್ರ ಬರೆದರು. ಕೆಂಪು ದೀಪದ ನಿಯಮವನ್ನು ಪುಸ್ತಕ ನೋಡಿ ಪೂರ್ತಿಯಾಗಿ ಇಳಿಸಿ, "ಮೇಲ್ಕಂಡ ದೀಪವನ್ನು ಪ್ರದರ್ಶಿಸಿದ ಬೇಜವಾಬ್ದಾರಿ ವ್ಯಕ್ತಿಯನ್ನು ತಕ್ಷಣ ಪತ್ತೆ ಹಚ್ಚತಕ್ಕದ್ದು" ಎಂದು ಮುಗಿಸಿದರು. ಒಂದು ಪ್ರತಿ ಸಿಗ್ನಲ್ ವಿಭಾಗಕ್ಕೆ, ಒಂದು ಭದ್ರತಾ ದಳಕ್ಕೆ.

ಸಿಗ್ನಲ್ ವಿಭಾಗದವರು ಬಂದು ನೋಡಿ, ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದು ಇನ್ನೂ ವಾರವಾಗಿಲ್ಲ, ಇದು ಗಾಳಿಪಟಕ್ಕೆ ಕಟ್ಟುವ ತುಕ್ಕಲ್ ದೀಪ, ಮರಕ್ಕೆ ಸಿಕ್ಕಿಕೊಂಡಿದೆ ಎಂದು ತೀರ್ಪು ಕೊಟ್ಟರು. ಹಳಿಯ ಪಕ್ಕದ ಬೇವಿನ ಮರಗಳಿಂದ ನೂರಾ ನಲವತ್ತು ಗಾಳಿಪಟ ಇಳಿಸಿದರು. ಮರುದಿನ ಗಾಡಿ ಮತ್ತೆ ನಿಂತಿತು. ರಾಯರು ಮತ್ತೆ ಪತ್ರ ಬರೆದರು, ನಿಯಮ ಮತ್ತೆ ಪೂರ್ತಿ. ಹೀಗೆ ಎರಡು ವಾರದಲ್ಲಿ ಐದು ಸಲ ಗಾಡಿ ನಿಂತಿತು, ಐದು ಸಲ ಪತ್ರ ಹೋಯಿತು, ಪ್ರತಿ ಪತ್ರವೂ ಹಿಂದಿನದಕ್ಕಿಂತ ಬಿರುಸು.

ಈ ನಡುವೆ ಕಾಲೊನಿಗೆ ಬೇರೆಯೇ ಸತ್ಯ ಗೊತ್ತಾಗಿತ್ತು. ನೆಲ ಅಂತಸ್ತಿನ ಕೋಕಿಲಾಬೆನ್, ಮಗನ ಕ್ವಾರ್ಟರ್ಸಿನಲ್ಲಿರುವ ವಿಧವೆ, ಅಡುಗೆಮನೆಯ ಹಿಂದಿನ ಅಂಗಳದಿಂದ ತಾರಸಿಯಂಚಿನ ಕೆಂಪು ಬೆಳಕನ್ನು ಕಂಡಿದ್ದರು. ಅವರ ಗಂಡ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು, ಹೋಗಿ ನಾಲ್ಕು ವರ್ಷ. ಕೈಯಲ್ಲಿ ದೀಪ ಹಿಡಿದು ಅತ್ತಿತ್ತ ನಡೆಯುವವರು, ಗಾಡಿ ನಿಲ್ಲಿಸುವವರು, ಇನ್ಯಾರಿರಲು ಸಾಧ್ಯ? ಡ್ಯೂಟಿ ಬಿಟ್ಟು ಇರಲಾರದ ಜೀವ, ಬಂದಿದೆ ಎಂದರು. ಹೆದರಲಿಲ್ಲ, ಅಳಲೂ ಇಲ್ಲ. ತಡವಾಗಿ ಬಂದ ಗಂಡನಿಗೆ ತಿಂಡಿ ಮಾಡಿಟ್ಟರು. ಬೆಳಿಗ್ಗೆ ಆರೂಕಾಲಿಗೆ ಕಡಲೆಹಿಟ್ಟಿನ ಬಿಸಿ ಫಾಫಡಾ, ಜಲೇಬಿ, ಹುರಿದ ಹಸಿಮೆಣಸಿನಕಾಯಿಯ ತಟ್ಟೆಯನ್ನು ತಾರಸಿ ಮೆಟ್ಟಿಲ ಕೊನೆಯಲ್ಲಿಟ್ಟು, ಮೇಲೆ ನೋಡದೆ ಕೈಮುಗಿದು ಇಳಿದುಬಂದರು.

ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ, ಜಲೇಬಿಯೊಂದು ಬಿಟ್ಟು ತಟ್ಟೆಯೆಲ್ಲ ಖಾಲಿ.

ಕಾಲೊನಿಗೆ ಇನ್ನು ಯಾವ ಸಾಕ್ಷಿ ಬೇಕು? ಇತ್ತ ರಾಯರು, ಪರೀಕ್ಷೆಗೆ ಓದುವವನೆಂದು ನೆರೆಯವರು ಪ್ರೀತಿಯಿಂದ ಇಡುತ್ತಿದ್ದಾರೆ, ಗುಜರಾತಿಗಳ ಆತಿಥ್ಯವೇ ಆತಿಥ್ಯ ಎಂದು ನನ್ನ ಮುಂದೆ ಕೊಂಡಾಡಿದರು. ಮನೆಯಲ್ಲಿ ಅವಲಕ್ಕಿ ಯಾಕೆ ಮಿಗುತ್ತಿದೆ ಎಂದು ಸಾವಿತ್ರಿಬಾಯಿಗೆ ಚಿಂತೆಯಾಯಿತು. ಗಾರ್ಡಿನ ಭೂತದ ಸುದ್ದಿ ಕೇಳಿ, ಬೆಳಿಗ್ಗೆ ಒಬ್ಬರೇ ಮೇಲೆ ಹೋಗಬೇಡಿ ಎಂದೂ ಅಂಗಲಾಚಿದರು. "ನಾ ದಿನಾ ಅಲ್ಲೇ ಇರ್ತೀನಿ. ಭೂತ ಇದ್ರ ನನಗ ಕಾಣಬೇಕಿತ್ತಲ್ಲ" ಎಂದರು ರಾಯರು.

ಐದನೆಯ ಪತ್ರಕ್ಕೆ ಮೇಲಧಿಕಾರಿ ಶೇಷಾದ್ರಿ ಸಾಹೇಬರ ತಾಳ್ಮೆ ಮುಗಿಯಿತು. ಭದ್ರತಾ ದಳದ ಇನ್ಸ್‌ಪೆಕ್ಟರ್ ಸೋಲಂಕಿಯನ್ನು ಕರೆದು, ಮನುಷ್ಯನಾಗಲಿ ಭೂತವಾಗಲಿ, ಹಿಡಿದು ತನ್ನಿ ಎಂದರು. ಸೋಲಂಕಿ ನಕ್ಷೆ ಹರಡಿ ಕಂಬದ ಮೇಲೆ ಬೆರಳಿಟ್ಟು, ಇದು ನಿಮ್ಮ ಕ್ವಾರ್ಟರ್ಸಿನ ಹಿಂದೆಯೇ ಇದೆಯಲ್ಲ ಎಂದು ರಾಯರಿಗೆ ತೋರಿಸಿದರು. ರಾಯರಿಗೆ ಆಶ್ಚರ್ಯದ ಜೊತೆ ಸಂತೋಷವೂ ಆಯಿತು. ಕಳ್ಳನನ್ನು ಹಿಡಿಯಲು ನಮ್ಮ ತಾರಸಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಬೆಳಿಗ್ಗೆ ಬನ್ನಿ, ಚಹಾ ನನ್ನದು ಎಂದರು. ಪಂಚನಾಮೆಗೆ ಸಾಕ್ಷಿ ಬೇಕೆಂದು ನನ್ನನ್ನೂ ಕರೆದರು.

ಸಂದರ್ಶನಕ್ಕೆ ಉಳಿದದ್ದು ಎಂಟು ದಿನ. ಬೆಳಿಗ್ಗೆ ಐದೂಮುಕ್ಕಾಲಿಗೆ ನಾವು ನೀರಿನ ಟ್ಯಾಂಕಿನ ಮರೆಯಲ್ಲಿ ಕೂತೆವು. ಸೋಲಂಕಿಯ ಕೊರಳಲ್ಲಿ ದುರ್ಬೀನು, ಕೈಯಲ್ಲಿ ರಾಠವಾನ ಜೊತೆ ಮಾತಾಡಲು ವಾಕಿಟಾಕಿ. ಸಾವಿತ್ರಿಬಾಯಿ ಚಹಾ ತಂದುಕೊಟ್ಟು, ಭೂತ ಹಿಡಿಯುವವರಿಗೆ ಚಳಿ ಹತ್ತಬಾರದೆಂದು ಶಾಲನ್ನೂ ಕೊಟ್ಟು ಅಲ್ಲೇ ನಿಂತರು. ಆರು ಹೊಡೆಯಿತು. ರಾಯರು ಚಡಪಡಿಸತೊಡಗಿದರು. ಇವತ್ತು ಹತ್ತೊಂಬತ್ತನೆಯ ದಿನ, ಟೋಪಿಯ ಕೋರ್ಸು ನಡುವೆ ಬಿಡುವಂತಿಲ್ಲ, ಆ ಮೂಲೆಯಲ್ಲಿ ನನ್ನ ಪಾಡಿಗೆ ಮಾಡಿಕೊಳ್ಳಲೇ ಎಂದು ಸೋಲಂಕಿಯನ್ನು ಕೇಳಿದರು. ಸೋಲಂಕಿಯ ಕಣ್ಣು ದುರ್ಬೀನಿನಲ್ಲಿ, ದುರ್ಬೀನು ಹಳಿಯ ಮೇಲೆ. ಮಾಡಿಕೊಳ್ಳಿ ಸಾಹೇಬ್, ನಮ್ಮ ಕೆಲಸಕ್ಕೆ ಅಡ್ಡ ಬರದಿದ್ದರೆ ಸಾಕು ಎಂದರು.

ನಾನು ಸತ್ಯ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ನಾನೂ ಹಳಿಯನ್ನೇ ನೋಡುತ್ತಿದ್ದೆ.

ದೂರದಲ್ಲಿ ಗಾಡಿಯ ಬೆಳಕು ಕಂಡಿತು. ಹತ್ತಿರ ಬಂತು. ಬ್ರೇಕಿನ ಕಿರುಚಾಟ ಕೇಳಿತು, ಇಡೀ ಗಾಡಿ ಡಬ್ಬಿಗೆ ಡಬ್ಬಿ ಗುದ್ದಿಕೊಂಡು ನಮ್ಮ ಎದುರಿಗೇ ನಿಂತಿತು. ಸೋಲಂಕಿ ದುರ್ಬೀನನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರು. ಏನೂ ಇಲ್ಲ, ಬರೀ ಬೇವಿನ ಮರ. ವಾಕಿಟಾಕಿಯಲ್ಲಿ, ದೀಪ ಎಲ್ಲಿದೆ ಎಂದು ಪಿಸುಗುಟ್ಟಿದರು.

"ನಿಮ್ಮ ಹಿಂದೇನೇ ಇದೆ ಸಾಹೇಬ್" ಎಂದಿತು ರಾಠವಾನ ಧ್ವನಿ. "ಬಲಗಡೆ ಹೋಗ್ತಿದೆ. ಈಗ ತಿರುಗಿತು. ಎಡಗಡೆ ಬರ್ತಿದೆ. ಈಗ ನಿಮ್ಮ ಬೆನ್ನಿಗೇ ಬಂತು."

ಸೋಲಂಕಿ ಬಹಳ ನಿಧಾನವಾಗಿ ತಿರುಗಿದರು. ನಾನೂ ತಿರುಗಿದೆ. ಮಂಕಿ ಕ್ಯಾಪಿನ ಮೇಲೆ ಕೆಂಪಗೆ ಧಗಧಗಿಸುವ ತಲೆ ಹೊತ್ತು, ಕಪ್ಪು ಕನ್ನಡಕ ಹಾಕಿಕೊಂಡು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಎನ್ನುತ್ತ ಶ್ರೀಪಾದರಾಯರು ನಮ್ಮ ಪಕ್ಕದಲ್ಲೇ ಹಾದು, ಮೂವತ್ತೆರಡಕ್ಕೆ ತಿರುಗಿ ಹೊರಟುಹೋದರು. ಮೆಟ್ಟಿಲ ಬಾಗಿಲಲ್ಲಿ ಕೋಕಿಲಾಬೆನ್ ಫಾಫಡಾದ ತಟ್ಟೆ ಹಿಡಿದು ನಿಂತಿದ್ದರು.

ಮೊದಲು ಎಚ್ಚೆತ್ತವರು ಸಾವಿತ್ರಿಬಾಯಿ. ಹೋಗಿ ಗಂಡನ ಕಿವಿಯ ಹತ್ತಿ ಕಿತ್ತರು.

"ಭೂತ ಸಿಕ್ತ್ರಿ" ಎಂದರು.

"ಎಲ್ಲಿ?" ಎಂದು ರಾಯರು ಸಂಭ್ರಮದಿಂದ ಕನ್ನಡಕ ತೆಗೆದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ. ಎದುರಿಗೆ ಗಾಡಿ ನಿಂತಿದೆ, ಇಂಜಿನ್ನಿನ ಕಿಟಕಿಯಿಂದ ರಾಠವಾ ಕೈಚಾಚಿ ಅವರ ತಲೆಯನ್ನೇ ತೋರಿಸುತ್ತಿದ್ದಾನೆ. ಗದ್ದಲಕ್ಕೆ ಎದ್ದುಬಂದ ಸಂಜನಾ ಅಪ್ಪನ ತಲೆಯಿಂದ ಟೋಪಿ ತೆಗೆದು ಒಳಮೈ ಹೊರಮೈ ನೋಡಿದಳು. ಅಹಮದಾಬಾದಿನಲ್ಲೇ ಬೆಳೆದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ.

"ಪಪ್ಪಾ, ಲೈಟ್ ತೋ ಅಂದರ್ ಇರಬೇಕು. ಹತ್ತೊಂಬತ್ತು ದಿವಸ ನಿಮ್ಮ ಬ್ರೈನಿಗೆ ಕುಛ್ ಭೀ ಬಂದಿಲ್ಲ. ಪೂರಾ ಲೈಟ್ ಗೂಡ್ಸ್ ಟ್ರೇನಿಗೇ ಹೋಗಿದೆ."

ರಾಯರು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆಪಾದನಾಪಟ್ಟಿ ಹೊರಟರೆ ಸಂದರ್ಶನಕ್ಕೆ ಕೂರಿಸುವುದಿಲ್ಲ. ಕೊನೆಯ ಅವಕಾಶ, ಆರು ವರ್ಷದ ಹೂವು, ಎಲ್ಲ ಹೋಯಿತು. ನನ್ನ ಬಾಯಿಯಿಂದ ಬಂದ ಮಾತು ಒಬ್ಬ ಒಳ್ಳೆಯ ಮನುಷ್ಯನನ್ನು ಇಲ್ಲಿಗೆ ತಂದು ಕೂರಿಸಿತಲ್ಲ ಎಂದು ನನಗೆ ನಿಜವಾಗಿ ದುಃಖವಾಯಿತು. ಕೋಕಿಲಾಬೆನ್ ಮಾತ್ರ ತಟ್ಟೆಯನ್ನು ಅವರ ಮುಂದಿಟ್ಟು ಪಕ್ಕದಲ್ಲೇ ಕೂತರು. ನಮ್ಮವರು ಜಲೇಬಿ ಪ್ರಿಯರು, ಮೆಣಸಿನಕಾಯಿ ಮುಟ್ಟುತ್ತಿರಲಿಲ್ಲ, ಈ ಭೂತ ಜಲೇಬಿ ಬಿಟ್ಟು ಮೆಣಸಿನಕಾಯಿಯನ್ನೆಲ್ಲ ತಿಂದಿತ್ತು, ಸತ್ತ ಮೇಲೆ ನಾಲಿಗೆ ಬದಲಾಗುತ್ತದೇನೋ ಎಂದು ಸುಮ್ಮನಾದೆ ಎಂದರು. ಎರಡು ವಾರ ಯಾರಿಗೋ ಬೆಳಿಗ್ಗೆ ಎದ್ದು ತಿಂಡಿ ಮಾಡಿದ ಸುಖ ತನಗೂ ಸಿಕ್ಕಿತು, ತಿನ್ನು ಮಗನೇ ಎಂದರು. ರಾಯರು ಕಣ್ಣೊರೆಸಿಕೊಂಡು ಒಂದು ಮೆಣಸಿನಕಾಯಿ ಎತ್ತಿಕೊಂಡರು.

ಇನ್ನು ಕಚೇರಿಯ ವ್ಯವಹಾರ. ಸೋಲಂಕಿಯ ವರದಿ ಬಂದದ್ದು, ಪದ್ಧತಿ ಪ್ರಕಾರ, ರಾಯರ ಮೇಜಿಗೇ. ವಿಭಾಗದ ಉಳಿದವರು ಮದುವೆ ಸೀಸನ್ನಿನ ರಜೆಯಲ್ಲಿದ್ದರು. ರಾಯರು ಫೈಲ್ ಬಿಚ್ಚಿ, ಶ್ರೀಪಾದ ಎಂಬವರು ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು ಎಂದು ಪತ್ರದ ಕರಡು ಮಾಡಿದರು, ಕೆಂಪು ದೀಪದ ನಿಯಮ ಪೂರ್ತಿಯಾಗಿ ಬರೆದು. ಸಾಹೇಬರ ಸಹಿಯಾಗಿ ಪತ್ರ ಅವರಿಗೇ ಬಂತು. ಸ್ವೀಕರಿಸಿ ಮೊಹರು ಒತ್ತಿದರು. ವಿವರಣೆ ಬರೆದರು, ನಿಯಮ ಮತ್ತೆ ಪೂರ್ತಿಯಾಗಿ. ಆ ವಿವರಣೆಯ ಮೇಲೆ ಕಚೇರಿಯ ಟಿಪ್ಪಣಿ ಹಾಕುವವರೂ ಅವರೇ. ಹಾಕಿದರು: "ನೌಕರರ ವಿವರಣೆಯನ್ನು ಪರಿಶೀಲಿಸಲಾಯಿತು. ತೃಪ್ತಿಕರವಾಗಿಲ್ಲ."

ಶೇಷಾದ್ರಿ ಸಾಹೇಬರು ಆ ಟಿಪ್ಪಣಿಯನ್ನು ಓದಿ, ಕೆಳಗಿನ ಸಹಿ ನೋಡಿ, ಮತ್ತೆ ಓದಿದರಂತೆ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರಂತೆ. ಒಳಗಿನಿಂದ ಬಹಳ ಹೊತ್ತು ಕೆಮ್ಮಿದ ಹಾಗೆ ಸದ್ದು ಬಂತಂತೆ. ಕೊನೆಗೆ, ಗಾಡಿ ಹೇಗೂ ಮುಂದಿನ ಸ್ಟೇಷನ್ನಿನಲ್ಲಿ ಮೇಲ್ ಗಾಡಿಗೆ ದಾರಿ ಬಿಟ್ಟು ನಿಲ್ಲಬೇಕಿತ್ತು, ತಡವೇನೂ ಆಗಿಲ್ಲ, ಲಿಖಿತ ಎಚ್ಚರಿಕೆ ಸಾಕು, ಟೋಪಿಯನ್ನು ಮುಟ್ಟುಗೋಲು ಹಾಕಿ ಎಂದು ಬರೆದರು. ಆ ಆದೇಶವನ್ನೂ ರಾಯರೇ ಜಾರಿ ಮಾಡಿ, ಟೋಪಿಯನ್ನು ತಮ್ಮಿಂದ ತಾವೇ ವಶಪಡಿಸಿಕೊಂಡರು.

ಫೆಬ್ರವರಿ ಹನ್ನೆರಡರಂದು ಟೋಪಿಯಿಲ್ಲದೆ, ಗುಳಿಗೆಯಿಲ್ಲದೆ, ಬರೀ ಜೋಳದ ರೊಟ್ಟಿ ಅಗಸಿ ಹಿಂಡಿ ತಿಂದು ರಾಯರು ಸಂದರ್ಶನಕ್ಕೆ ಕೂತರು. ಅಲ್ಲಿ ನಡೆದದ್ದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಕೂತು ಬಂದ ಹಾಗಿದೆ. ಹಿರಿಯ ಸದಸ್ಯರು ಹಳೆಯ ಕಾಗದ ನೋಡಿ, ಎರಡು ಸಲ ಕೇಳಿದ್ದನ್ನೇ ಕೇಳುತ್ತೇನೆ ಎಂದರು. ಹಳಿಯ ಪಕ್ಕ ಕೆಂಪು ದೀಪ ಕಂಡರೆ?

ರಾಯರ ಬಾಯಿಂದ ನಿಯಮ ನಲ್ಲಿ ಬಿಟ್ಟ ಹಾಗೆ ಬಂತು. ಏಳು ಸಲ ಕೈಯಾರೆ ಬರೆದದ್ದು. ತೋರಿಸಿದವನು ಯಾರು, ಯಾಕೆ ಎಂದು ನೋಡುತ್ತ ಕೂರದೆ ಮೊದಲು ನಿಲ್ಲಿಸಬೇಕು, ಕಾರಣ ತಿಳಿದು ಅನುಮತಿ ಸಿಗುವ ತನಕ ಹೊರಡಬಾರದು ಎಂಬಲ್ಲಿಂದ ಹಿಡಿದು ಅಡಿಟಿಪ್ಪಣಿಯ ತನಕ, ಅಲ್ಪವಿರಾಮ ಬಿಡದೆ ಹೇಳಿದರು. ಸದಸ್ಯರು ತಲೆದೂಗಿ, ಪುಸ್ತಕ ಚೆನ್ನಾಗಿ ಓದಿದ್ದೀರಿ, ಇದನ್ನೆಲ್ಲ ಎಂದಾದರೂ ಪ್ರತ್ಯಕ್ಷ ಕಂಡಿದ್ದೀರಾ ಎಂದು ಕೇಳಿದರು.

"ಆರು ಸಲ, ಸರ್. ಆರು ಸಲವೂ ಗಾಡಿ ಸರಿಯಾಗಿ ನಿಂತಿದೆ" ಎಂದರಂತೆ ರಾಯರು. ನೀರು ಕೊಡುವ ಸಂದರ್ಭ ಬರಲಿಲ್ಲ.

ಏಪ್ರಿಲ್‌ನಲ್ಲಿ ಅವರು ಅಧಿಕಾರಿಯಾಗಿ ವಡೋದರಾಕ್ಕೆ ಹೋದರು. ಕೋಕಿಲಾಬೆನ್ ಒಂದು ಡಬ್ಬಿ ತುಂಬ ಹುರಿದ ಮೆಣಸಿನಕಾಯಿ ಕಟ್ಟಿಕೊಟ್ಟರು. ಹೊಸ ಕೋಣೆಯ ಮೊದಲ ದಿನ ನನ್ನನ್ನೂ ಕರೆದಿದ್ದರು. ದೇವರ ಗೂಡಿನ ಪೆನ್ನು ಮೇಜಿನ ಮೇಲಿತ್ತು, ಆರು ವರ್ಷದ ಕುಂಕುಮ ಮೆತ್ತಿಕೊಂಡು. ಸಿಪಾಯಿ ಮೊದಲ ಫೈಲ್ ತಂದಿಟ್ಟ. ಅಹಮದಾಬಾದಿನಿಂದ ಬಂದದ್ದು. ಲೋಕೋ ಪೈಲಟ್ ರಾಠವಾ ವಡೋದರಾ ಕಚೇರಿಗೆ ಸೇರಿದವನು, ಅವನಿಗೆ ಜಾಗರೂಕತೆಯ ಪ್ರಶಂಸಾಪತ್ರ ಕೊಡಬೇಕೆಂಬ ಶಿಫಾರಸು. ನಾನು ಬಗ್ಗಿ ಓದಿದೆ. "ಬೇಜವಾಬ್ದಾರಿ ವ್ಯಕ್ತಿಯೊಬ್ಬನು ಪ್ರದರ್ಶಿಸಿದ ಕೆಂಪು ದೀಪವನ್ನು ಆರು ಬಾರಿಯೂ ತಪ್ಪದೆ ಗಮನಿಸಿ ಗಾಡಿಯನ್ನು ನಿಲ್ಲಿಸಿರುತ್ತಾರೆ."

ಈಗ ನೀವು ಅಧಿಕಾರಿ, ಆ ಬೇಜವಾಬ್ದಾರಿ ಎಂಬ ಮಾತನ್ನಾದರೂ ತೆಗೆಯಬಹುದಲ್ಲ ಎಂದು ನಾನು ಮೆಲ್ಲಗೆ ಹೇಳಿದೆ.

ರಾಯರು ಪೆನ್ನಿನ ಮುಚ್ಚಳ ತೆಗೆದು, ಇನ್ನೊಮ್ಮೆ ಪೂರ್ತಿ ಓದಿದರು.

"ಯಾಕ್ರಿ ತೆಗೀಬೇಕು? ಡ್ರಾಫ್ಟ್ ನಂದ ಅದ. ಛಲೋ ಬರದೀನಿ" ಎಂದು, ಅದರ ಕೆಳಗೆ ಹಸಿರು ಶಾಯಿಯಲ್ಲಿ ದೊಡ್ಡದಾಗಿ ಸಹಿ ಹಾಕಿದರು.